ಕಟ್ಟಿದ ಮೇಲಿನ ಕೆಲಸ

(ಸಾರವಾಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಅಭಿವೃದ್ಧಿಶೀಲ ದೇಶಗಳ ಸಾಮಾಜಿಕ ಮತ್ತು ಆರ್ಥಿಕ ಸವಾಲುಗಳ ಬಗ್ಗೆ ಮಾತಾಡಿ ಎಂದು ಸಂಘಟಕರು ಹೇಳಿದ್ದಾರೆ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಅಂಕಿಅಂಶ ಓದುತ್ತ ಹೋದರೆ ಒಂದು ತಾಸು ಕಳೆದುಹೋಗುತ್ತದೆ, ಮನೆಗೆ ಒಯ್ಯಲು ನಿಮಗೇನೂ ಉಳಿಯುವುದಿಲ್ಲ. ಅದಕ್ಕೆ ಡೋಣಿ ನದಿಯ ಈ ಸೀಮೆಯಿಂದಲೇ ಶುರು ಮಾಡುತ್ತೇನೆ. ಬಡ ದೇಶಗಳು ಎದುರಿಸುವ ಕಷ್ಟಗಳಲ್ಲಿ ಹೆಚ್ಚಿನವು ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲೇ ಸಿಗುತ್ತವೆ.

ನಾನು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಂಥ ದೇಶಗಳಲ್ಲಿ ಕಟ್ಟುವ ಕೆಲಸ ಸಾಕಷ್ಟು ನಡೆದಿದೆ. ಕಟ್ಟಿದ್ದನ್ನು ಹತ್ತು ವರ್ಷ, ಇಪ್ಪತ್ತು ವರ್ಷ ನಡೆಸಿಕೊಂಡು ಹೋಗುವ ಕೆಲಸದಲ್ಲಿ ನಾವು ಸೋತಿದ್ದೇವೆ. ಕೆರೆ ಇದೆ, ಹೂಳು ತುಂಬಿದೆ. ಶಾಲೆ ಇದೆ, ಮಾಸ್ತರರಿಲ್ಲ. ನಲ್ಲಿ ಇದೆ, ಮೋಟರು ಸುಟ್ಟಿದೆ. ಅಭಿವೃದ್ಧಿಯ ಚರ್ಚೆ ಬಂದಾಗ ‘ಏನು ಕಟ್ಟಬೇಕು’ ಎಂದು ಕೇಳುತ್ತೇವೆ, ‘ಕಟ್ಟಿದ ಮೇಲೆ ಯಾರು ನೋಡುತ್ತಾರೆ’ ಎಂದು ಕೇಳುವುದಿಲ್ಲ. ಈ ಎರಡನೆಯ ಪ್ರಶ್ನೆಯ ಸುತ್ತ ಇವತ್ತಿನ ಮಾತು.

ದೀಪದ ಎಣ್ಣೆಗೂ ಹೊಲ

ಈ ಉಪನ್ಯಾಸ ನಡೆಯುತ್ತಿರುವುದು ಒಂದು ದತ್ತಿಯಿಂದ. ದತ್ತಿ ಎಂದರೆ ಏನು ಮಾಡುತ್ತಾರೆ? ಮೂಲ ರೊಕ್ಕವನ್ನು ಬ್ಯಾಂಕಿನಲ್ಲಿಟ್ಟು ಅದನ್ನು ಮುಟ್ಟುವುದಿಲ್ಲ. ಬಡ್ಡಿಯಲ್ಲಿ ಪ್ರತಿವರ್ಷ ಕಾರ್ಯಕ್ರಮ ನಡೆಯುತ್ತದೆ. ಕೊಟ್ಟವರು ಹೋದ ಮೇಲೂ ಕೆಲಸ ನಿಲ್ಲಬಾರದು ಎಂಬ ಮುಂದಾಲೋಚನೆ ಇದರಲ್ಲಿದೆ. ಈ ಮುಂದಾಲೋಚನೆ ನಮ್ಮ ವಿಜಯಪುರ ಜಿಲ್ಲೆಗೆ ಹೊಸದಲ್ಲ.

ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಸಾ.ಶ. 945ರ ಒಂದು ಶಾಸನವಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣನೆಂಬವನು ಅಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು, ಅವರಿಗಾಗಿ 27 ವಸತಿಗಳಿದ್ದವು. ನನಗೆ ಮುಖ್ಯವೆನಿಸುವುದು ಕಟ್ಟಡಕ್ಕಿಂತ ಅದರ ಹಿಂದಿನ ಲೆಕ್ಕ. ವಿದ್ಯಾರ್ಥಿಗಳ ನಿರ್ವಹಣೆಗೆ 500 ನಿವರ್ತನ ಭೂಮಿ, ಉಪಾಧ್ಯಾಯನ ಜೀವನಕ್ಕೆ 50 ನಿವರ್ತನ, ರಾತ್ರಿ ದೀಪ ಉರಿಸಲು 12 ನಿವರ್ತನ ಎಂದು ಬರೆದಿಟ್ಟರು. ಸಾಲದ್ದಕ್ಕೆ ಮದುವೆ, ಮುಂಜಿ, ಚೌಲದಂಥ ಶುಭಕಾರ್ಯ ಮಾಡುವ ಮನೆಯವರು ಶಾಲೆಗೆ ಇಂತಿಷ್ಟು ಕೊಡಬೇಕೆಂದು ಗೊತ್ತು ಮಾಡಿದರು.

ಯೋಚಿಸಿ. ಸಾವಿರ ವರ್ಷಕ್ಕೂ ಹಿಂದೆ, ಶಾಲೆ ಕಟ್ಟಿದ ದಿನವೇ, ದೀಪದ ಎಣ್ಣೆ ಎಲ್ಲಿಂದ ಬರಬೇಕೆಂದು ಕಲ್ಲಿನಲ್ಲಿ ಕೊರೆದಿಟ್ಟರು. ಇವತ್ತು ಕಂಪ್ಯೂಟರ್ ಕೊಟ್ಟ ಶಾಲೆಗಳಲ್ಲಿ ಕರೆಂಟ್ ಬಿಲ್ಲು ಯಾವ ಖಾತೆಯಿಂದ ಕಟ್ಟಬೇಕೆಂದು ಗೊತ್ತಿಲ್ಲದೆ ಮುಖ್ಯ ಗುರುಗಳು ಒದ್ದಾಡುವುದನ್ನು ನೀವೂ ನೋಡಿರಬೇಕು. ಕನ್ನಡ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಗೊಡಗೆಗಳೂ ಇದೇ ಬಗೆಯವು. ಕೆರೆ ಕಟ್ಟಿಸಿದವನಿಗೆ, ಕೆರೆಯ ದುರಸ್ತಿ ನೋಡಿಕೊಳ್ಳುವವನಿಗೆ ಆ ಕೆರೆಯ ನೀರುಣ್ಣುವ ಭೂಮಿಯಲ್ಲೇ ಪಾಲು. ಹಳೆಯ ಕಾಲವನ್ನು ನಾನು ಹೊಗಳುತ್ತಿಲ್ಲ. ಸಾಲೋಟಗಿಯ ಶಾಲೆಯಲ್ಲಿ ನಮ್ಮ ನಿಮ್ಮ ಅಜ್ಜಿಯಂದಿರಿಗೆ, ಕೂಲಿಯವರ ಮಕ್ಕಳಿಗೆ ಜಾಗವಿರಲಿಲ್ಲ. ಆದರೆ ನಡೆಸುವ ಖರ್ಚನ್ನು ಕಟ್ಟುವ ಖರ್ಚಿನೊಡನೆಯೇ ಹುಟ್ಟಿಸುವ ಬುದ್ಧಿ ಅವರಿಗಿತ್ತು. ಆ ಬುದ್ಧಿ ನಮಗೆ ಬೇಕು; ಜಾಗ ಮಾತ್ರ ಎಲ್ಲರಿಗೂ ಇರಬೇಕು.

ಕೆರೆ, ಬರ, ಒಡ್ಡು

ಇದೇ ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕೆರೆಯನ್ನು ನೀವೆಲ್ಲ ಬಲ್ಲಿರಿ. ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, 1633ರಲ್ಲಿ ಆದದ್ದು. ವಿಜಯಪುರದ ಬೇಗಂ ತಲಾಬ್ ಕೂಡ ಅವನದೇ. ತೊರವಿ ಕಡೆಯಿಂದ ನೆಲದೊಳಗೆ ಕಾಲುವೆ ಹಾಯಿಸಿ ಪಟ್ಟಣಕ್ಕೆ ನೀರು ತಂದ ರಾಜ್ಯ ಅದು. ರಾಜ್ಯ ಹೋಯಿತು, ನೋಡುವವರಿಲ್ಲದೆ ಕಾಲುವೆಗಳು ಮುಚ್ಚಿದವು, ಕೆರೆಗಳಲ್ಲಿ ಹೂಳು ನಿಂತಿತು.

ಅದರ ಬೆಲೆ 1876–78ರ ಬರದಲ್ಲಿ ಗೊತ್ತಾಯಿತು. ಆಗ ನಮ್ಮದು ಕಲಾದಗಿ ಜಿಲ್ಲೆ. 1872ರ ಜನಗಣತಿಯಲ್ಲಿ ಜಿಲ್ಲೆಯ ಜನ 8 ಲಕ್ಷ 16 ಸಾವಿರ. 1881ರಲ್ಲಿ ಉಳಿದವರು 6 ಲಕ್ಷ 38 ಸಾವಿರ. ಐವರಲ್ಲಿ ಒಬ್ಬರು ಇಲ್ಲವಾದರು. ಕೆಲವರು ಸತ್ತರು, ಕೆಲವರು ಊರು ಬಿಟ್ಟರು. ಬರದ ನಂತರ ಸರ್ಕಾರ ಎಚ್ಚೆತ್ತು ಹೋಟಗಿ–ಗದಗ ರೈಲು ಮಾರ್ಗ ಹಾಕಿಸಿತು, ಬರ ಪರಿಹಾರದ ನಿಯಮಾವಳಿ ಬರೆಯಿತು. ಬರ ಬಂದಾಗ ಕೂಲಿ ಕೊಟ್ಟು ಕೆರೆ ತೋಡಿಸುವುದು, ರಸ್ತೆ ಹಾಕಿಸುವುದು ಪದ್ಧತಿಯಾಯಿತು. ಮಳೆ ಬಂದ ಕೂಡಲೆ ಕೂಲಿ ನಿಲ್ಲುತ್ತಿತ್ತು. ತೋಡಿದ ಕೆರೆಯನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಮುಂದಿನ ಬರಕ್ಕೆ ಅದೇ ಕೆರೆಯನ್ನು ಮತ್ತೆ ತೋಡುವುದು. ಬರಗಾಲದ ರೊಕ್ಕದಲ್ಲಿ ಕಟ್ಟುವುದು, ಸುಗ್ಗಿಯ ಕಾಲದಲ್ಲಿ ಮರೆಯುವುದು – ಈ ಚಾಳಿ ನಮಗೆ ಅಂಟಿದ್ದು ಅಲ್ಲಿಂದ.

ಇದಕ್ಕೆ ಹೊರತಾದ ಒಂದು ಕೆಲಸ ಇದೇ ಮಣ್ಣಿನಲ್ಲಿ ನಡೆಯಿತು. 1933ರಲ್ಲಿ ಸೋಲಾಪುರದ ಜೊತೆಗೆ ವಿಜಯಪುರದಲ್ಲೂ ಒಣ ಬೇಸಾಯದ ಸಂಶೋಧನಾ ಕೇಂದ್ರ ಶುರುವಾಯಿತು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ, ಅದೂ ಹೆಚ್ಚಿನ ಪಾಲು ಸೆಪ್ಟೆಂಬರಿನ ಸುತ್ತ. ಬೇಸಾಯ ಹೇಗೆ? ವಿಜ್ಞಾನಿಗಳು ಪ್ರಯೋಗ ಮಾಡಿ ಒಡ್ಡು ಹಾಕಿ, ಸಾಲು ಅಗಲಿಸಿ, ಹಸಿ ಉಳಿಸಿ ಎಂದರು. ರೈತರಿಗೆ ಇದರಲ್ಲಿ ಅರ್ಧ ಮೊದಲೇ ಗೊತ್ತಿತ್ತು. ಮುಂಗಾರಿ ಮಳೆ ಬಿದ್ದಾಗಿನಿಂದ ಹಿಂಗಾರಿ ಬಿತ್ತುವ ತನಕ ಎರೆ ಹೊಲವನ್ನು ಸುಮ್ಮನೆ ಬಿಡುವುದಿಲ್ಲ. ಪ್ರತಿ ಮಳೆಯ ನಂತರ ಕುಂಟಿ ಹೂಡಿ ಹರಗುತ್ತಾರೆ. ಕಸ ಸಾಯುತ್ತದೆ, ಮೇಲಿನ ಮಣ್ಣು ಪುಡಿಯಾಗಿ ಬಿರುಕು ಮುಚ್ಚುತ್ತದೆ, ಕೆಳಗಿನ ಹಸಿ ಕೆಳಗೇ ಉಳಿಯುತ್ತದೆ. ಆಮೇಲೆ ಕೂರಿಗೆ ಹೂಡಿ ಬಿಳಿಜೋಳ ಬಿತ್ತಿದರೆ, ಬಿತ್ತಿದ ಮೇಲೆ ಒಂದೆರಡು ಮಳೆ ಆದರೂ ಸಾಕು, ಆ ಉಳಿಸಿದ ಹಸಿಯಲ್ಲೇ ಮಾಲದಂಡಿ ತೆನೆ ಕಟ್ಟುತ್ತದೆ. ನಡುವೆ ಅಕ್ಕಡಿ ಸಾಲಿನಲ್ಲಿ ಕುಸುಬಿ, ಕಡಲೆ. ಡೋಣಿ ಬೆಳೆದರೆ ಓಣಿ ತುಂಬ ಜೋಳ ಎಂಬ ಗಾದೆ ಮಣ್ಣಿನ ಗುಣದಿಂದಷ್ಟೇ ಹುಟ್ಟಿದ್ದಲ್ಲ. ತಿಂಗಳುಗಟ್ಟಲೆ ಬೆಳೆಯೇ ಇಲ್ಲದ ಹೊಲವನ್ನು ಹರಗುತ್ತಲೇ ಇದ್ದವರ ದುಡಿಮೆಯಿಂದ ಹುಟ್ಟಿದ್ದು. ಒಡ್ಡಿನ ಕಥೆಯೂ ಅದೇ. 1942ರಲ್ಲಿ ಮುಂಬೈ ಸರ್ಕಾರ ಜಮೀನು ಸುಧಾರಿಸಲೆಂದು ಕಾಯ್ದೆ ಮಾಡಿತು, ಆ ಹೊತ್ತಿನ ಬರದಲ್ಲಿ ಈ ಜಿಲ್ಲೆಯ ಹೊಲಗಳಲ್ಲಿ ಒಡ್ಡು ಬಿದ್ದವು. ಒಡೆದ ಒಡ್ಡನ್ನು ಮಳೆಗಾಲಕ್ಕೆ ಮೊದಲು ಕಟ್ಟಿಕೊಂಡವರ ಹೊಲದಲ್ಲಿ ಮಣ್ಣು ಉಳಿಯಿತು. ಕಟ್ಟಿಕೊಳ್ಳದವರ ಮಣ್ಣು ಡೋಣಿಗೆ ಹೋಯಿತು.

ಆ ಮಣ್ಣು ಈಗ ಡೋಣಿಯ ಪಾತ್ರದಲ್ಲೇ ಇದೆ. ಜತ್ತ ಕಡೆಯಿಂದ ಬರುವ ಈ ನದಿಯಲ್ಲಿ ಹೂಳು ತುಂಬಿ, ಜಾಲಿ ಬೆಳೆದು, ನೀರಿಗೆ ದಾರಿಯೇ ಇಲ್ಲದಂತಾಗಿದೆ. ಬೇಸಿಗೆಯಲ್ಲಿ ಬರಿದು, ದೊಡ್ಡ ಮಳೆಯಾದರೆ ಸಾರವಾಡದ ಸೇತುವೆಯ ಮೇಲೆ ನೀರು, ಎರಡೂ ದಂಡೆಯ ಬೆಳೆಯ ಮೇಲೆ ನೀರು. ಬರ ಮತ್ತು ನೆರೆ ಒಂದೇ ಹೊಲಕ್ಕೆ ಒಂದೇ ವರ್ಷ ಬರುವ ಊರುಗಳಿವು. ಹೂಳು ತೆಗೆಯದಿದ್ದುದರ ಫಲ ಇದು.

ಎತ್ತಿದ ನೀರು

ಈಗ ನಮ್ಮ ಕಾಲದ ದೊಡ್ಡ ಕೆಲಸಕ್ಕೆ ಬರೋಣ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಹಾಕಿದರು. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅಣೆಕಟ್ಟೆಯನ್ನು ನಾಡಿಗೆ ಅರ್ಪಿಸಿದ್ದು 2006ರಲ್ಲಿ. ನಡುವೆ ಎರಡು ತಲೆಮಾರು ಕಳೆದವು, ಅನೇಕ ಊರುಗಳು ಮುಳುಗಿದವು, ಹಳೆಯ ಬಾಗಲಕೋಟೆಯ ಭಾಗ ನೀರಿನಡಿ ಹೋಯಿತು. ಪುನರ್ವಸತಿ ಕೇಂದ್ರಗಳಿಗೆ ಹೋದ ಕುಟುಂಬಗಳ ಋಣ ನಮ್ಮ ಮೇಲಿದೆ ಎಂಬುದನ್ನು ನೀರು ಬಳಸುವವರು ಮರೆಯಬಾರದು.

ಮುಳವಾಡ ಏತ ನೀರಾವರಿ, ತುಬಚಿ–ಬಬಲೇಶ್ವರ ಏತ ನೀರಾವರಿಗಳಿಂದ ಕೃಷ್ಣೆ ಈ ಎತ್ತರದ ಸೀಮೆಗೆ ಬಂದಳು. ಮಮದಾಪುರದ ಕೆರೆಗೆ ನೀರು ಬಿದ್ದ ವರ್ಷ ಜನ ಬಾಗಿನ ಬಿಟ್ಟರು. ಬರದ ವರ್ಷಗಳಲ್ಲಿ ತಿಕೋಟಾ ಕಡೆ ದ್ರಾಕ್ಷಿ ಬಳ್ಳಿ ಉಳಿಸಲು ಟ್ಯಾಂಕರ್‌ನಲ್ಲಿ ನೀರು ಕೊಂಡು ಹಾಕಿದ್ದನ್ನು ಕಂಡವರಿಗೆ ಇದು ಎಂಥ ಬದಲಾವಣೆ ಎಂದು ಬಿಡಿಸಿ ಹೇಳಬೇಕಿಲ್ಲ. ಬಾವಿ, ಬೋರುಗಳಲ್ಲಿ ನೀರು ಮೇಲೆ ಬಂತು. ಇದನ್ನು ಸಣ್ಣದು ಮಾಡಿ ಮಾತಾಡುವವನು ನಾನಲ್ಲ.

ಆದರೆ ಒಂದು ಲೆಕ್ಕ ಮಾಡೋಣ. ಆಲಮಟ್ಟಿಯ ಈಗಿನ ಪೂರ್ಣ ಮಟ್ಟ ಸಮುದ್ರದಿಂದ 519.6 ಮೀಟರು. ವಿಜಯಪುರ ಪಟ್ಟಣ ಸುಮಾರು 590 ಮೀಟರು ಎತ್ತರದಲ್ಲಿದೆ. ಅಂದರೆ ಎಪ್ಪತ್ತು ಮೀಟರು ಎತ್ತಬೇಕು. ಒಂದು ಟಿಎಂಸಿ ನೀರೆಂದರೆ 2 ಕೋಟಿ 83 ಲಕ್ಷ ಘನ ಮೀಟರು. ಅಷ್ಟು ನೀರನ್ನು ಎಪ್ಪತ್ತು ಮೀಟರು ಎತ್ತಲು ಭೌತಶಾಸ್ತ್ರದ ಲೆಕ್ಕದಲ್ಲೇ 54 ಲಕ್ಷ ಯೂನಿಟ್ ವಿದ್ಯುತ್ ಬೇಕು. ಯಾವ ಪಂಪೂ ನೂರಕ್ಕೆ ನೂರು ಕೆಲಸ ಮಾಡುವುದಿಲ್ಲ, ಪೈಪಿನಲ್ಲಿ ಘರ್ಷಣೆ ಇರುತ್ತದೆ. ಆದ್ದರಿಂದ 75 ಲಕ್ಷ ಯೂನಿಟ್ ಎಂದು ಹಿಡಿಯಿರಿ. ಅದು ಒಂದು ಟಿಎಂಸಿಗೆ, ಒಂದು ವರ್ಷಕ್ಕೆ. ಮುಂದಿನ ವರ್ಷ ಮತ್ತೆ ಅಷ್ಟೇ. ತಾನಾಗಿ ಹರಿಯುವ ಕಾಲುವೆಗೂ ಏತ ನೀರಾವರಿಗೂ ಇರುವ ವ್ಯತ್ಯಾಸ ಇದು. ಕಾಲುವೆಯನ್ನು ಮರೆತರೂ ಸ್ವಲ್ಪ ಕಾಲ ಹರಿಯುತ್ತದೆ. ಏತ ನೀರಾವರಿಯಲ್ಲಿ ಬಿಲ್ಲು ಕಟ್ಟದ ತಿಂಗಳು, ಪಂಪು ಕೆಟ್ಟ ವಾರ, ನೀರೇ ಇಲ್ಲ. ಇಷ್ಟು ದುಬಾರಿ ನೀರನ್ನು ಇಷ್ಟು ಕಡಿಮೆ ಮಳೆಯ ಸೀಮೆಗೆ ತಂದಿದ್ದೇವೆ. ಹೀಗಿರುವಾಗ ಈ ನೀರನ್ನು ಹೇಗೆ ಬಳಸುತ್ತಿದ್ದೇವೆ?

ತೂಬಿನ ಹತ್ತಿರದ ಹೊಲದಲ್ಲಿ ಕಬ್ಬು ನಿಂತಿದೆ. ರಾತ್ರಿಯೆಲ್ಲ ನೀರು ಬಿಟ್ಟು ಮಲಗುವ ರೂಢಿ. ಎರೆ ಮಣ್ಣು ನೀರನ್ನು ಬೇಗ ಬಸಿಯುವುದಿಲ್ಲ; ಕೆಳಗಿನ ಉಪ್ಪು ಮೇಲೆ ಬರುತ್ತದೆ. ಡೋಣಿಯ ನೀರೇ ಮೊದಲಿನಿಂದ ಸವಳು. ಕಾಲುವೆ ತೋಡಿದವರು ಬಸಿಗಾಲುವೆ ತೋಡಲಿಲ್ಲ, ತೋಡಿದ್ದನ್ನು ರೈತರು ಮುಚ್ಚಿ ಉತ್ತರು. ಕೃಷ್ಣಾ ಮೇಲ್ದಂಡೆ ಯೋಜನೆಯ ಹಳೆಯ ಅಚ್ಚುಕಟ್ಟಿನಲ್ಲಿ ಸವಳು–ಜವಳಿನಿಂದ ಕೆಟ್ಟ ಭೂಮಿಯನ್ನು ನೋಡಿ ಬಂದವರಿಗೆ ಇದರ ಮುಂದಿನ ಅಧ್ಯಾಯ ಗೊತ್ತು. ಇನ್ನೊಂದು ತುದಿಯಲ್ಲಿ, ಕಾಲುವೆಯ ಬಾಲದಲ್ಲಿ, ನೀರೇ ಮುಟ್ಟುವುದಿಲ್ಲ. ಅಂಥ ಒಂದು ಹೊಲದ ಬದುವಿನಲ್ಲಿ ಒಬ್ಬ ಹಿರಿಯರ ಜೊತೆ ಕೂತಿದ್ದೆ. “ನಿಮ್ಮ ಹೊಲಕ್ಕ ಕಾಲುವಿ ಬಂದದ ಅಲ್ರೀ ಕಾಕಾ” ಎಂದೆ. “ಕಾಲುವಿ ಬಂದದ ತಮ್ಮಾ, ನೀರ ದಾರ್‍ಯಾಗ ಅದ” ಎಂದರು. ಅವರ ಕಾಲುವೆಯೊಳಗೆ ಮೊಳಕಾಲುದ್ದ ಕಸ ಬೆಳೆದಿತ್ತು. ಕೆತ್ತಿಸುವವರು ಯಾರು ಎಂದು ಕೇಳಿದರೆ, ಇಲಾಖೆಯವರು ಎಂದರು. ಇಲಾಖೆಯವರನ್ನು ಕೇಳಿದರೆ ನೀರು ಬಳಕೆದಾರರ ಸಂಘ ಎನ್ನುತ್ತಾರೆ. ಸಂಘವನ್ನು ಹುಡುಕಿದರೆ ರಿಜಿಸ್ಟರಿನಲ್ಲಿದೆ. ನೀರು ಬಳಕೆದಾರರ ಸಂಘಗಳಿಗೆ ಕಾಯ್ದೆಯ ಬಲ ಬಂದದ್ದು ನೀರಾವರಿ ಕಾಯ್ದೆಗೆ 2000ದಲ್ಲಿ ಆದ ತಿದ್ದುಪಡಿಯಿಂದ. ಕಾಯ್ದೆಯಲ್ಲಿ ಸಂಘ ಇದೆ, ಕಾಲುವೆಯ ದಂಡೆಯ ಮೇಲೆ ಹುಡುಕಿದರೆ ಅಪರೂಪ.

ಏಕೆ ಹೀಗಾಗುತ್ತದೆ

ಇದು ವಿಜಯಪುರದ ಜನರ ಸೋಮಾರಿತನವಲ್ಲ. ವಿಶ್ವ ಬ್ಯಾಂಕ್ 1994ರ ತನ್ನ ವರದಿಯಲ್ಲಿ ಆಫ್ರಿಕಾದ ರಸ್ತೆಗಳ ಲೆಕ್ಕ ಕೊಟ್ಟಿತು: ಹಿಂದಿನ ಹತ್ತು ವರ್ಷಗಳಲ್ಲಿ ಹೊತ್ತಿಗೆ ಸರಿಯಾಗಿ 1,200 ಕೋಟಿ ಡಾಲರ್ ದುರಸ್ತಿಗೆ ಖರ್ಚು ಮಾಡಿದ್ದರೆ 4,500 ಕೋಟಿ ಡಾಲರ್ ಮರುನಿರ್ಮಾಣದ ಖರ್ಚು ಉಳಿಯುತ್ತಿತ್ತು ಎಂದು. ಆಫ್ರಿಕಾದ ಹಳ್ಳಿಗಳ ಕೈಪಂಪುಗಳಲ್ಲಿ ಮೂರಕ್ಕೊಂದು ಕೆಟ್ಟು ನಿಂತಿದ್ದವು ಎಂಬ ಅಂದಾಜೂ ಇದೆ. ನಮ್ಮ ಹಳ್ಳಿಗಳ ಶುದ್ಧ ನೀರಿನ ಘಟಕಗಳನ್ನು ನೆನೆಯಿರಿ. ನಾಣ್ಯ ಹಾಕುವ ಪೆಟ್ಟಿಗೆ ತುಕ್ಕು ಹಿಡಿದು, ಫಿಲ್ಟರ್ ಬದಲಿಸದೆ, ಬಾಗಿಲಿಗೆ ಬೀಗ ಬಿದ್ದು ನಿಂತ ಘಟಕ ನೋಡಲು ದೂರ ಹೋಗಬೇಕಿಲ್ಲ. ಕಾಯಿಲೆ ಒಂದೇ, ಭಾಷೆ ಬೇರೆ.

ಕಾರಣಗಳನ್ನು ನಾನು ಮೂರಾಗಿ ನೋಡುತ್ತೇನೆ.

ಮೊದಲನೆಯದು ರಾಜಕೀಯ. ಅಡಿಗಲ್ಲಿನ ಮೇಲೆ ಹೆಸರು ಕೆತ್ತಿಸಬಹುದು, ಹೂಳು ತೆಗೆದಿದ್ದಕ್ಕೆ ಕಲ್ಲು ನೆಡುವುದಿಲ್ಲ. ಮತದಾರರಾದ ನಾವೂ ಹೊಸದನ್ನೇ ಕೇಳುತ್ತೇವೆ. ಸಮುದಾಯ ಭವನ ಕೊಡಿ ಎನ್ನುತ್ತೇವೆ, ಇರುವ ಭವನದ ಸೋರುವ ಚಾವಣಿ ಮಾಡಿಸಿ ಎನ್ನುವುದಿಲ್ಲ.

ಎರಡನೆಯದು ಲೆಕ್ಕ ಬರೆಯುವ ರೀತಿ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಬಜೆಟ್ಟುಗಳಲ್ಲಿ ಯೋಜನಾ ವೆಚ್ಚ, ಯೋಜನೇತರ ವೆಚ್ಚ ಎಂಬ ಎರಡು ಭಾಗಗಳಿದ್ದವು. ಹೊಸದಾಗಿ ಕಟ್ಟುವುದು ಯೋಜನಾ ವೆಚ್ಚ. ಅದು ಅಭಿವೃದ್ಧಿ ಎನಿಸಿಕೊಂಡಿತು. ಕಟ್ಟಿ ಮುಗಿದದ್ದರ ದುರಸ್ತಿ, ನರ್ಸಿನ ಪಗಾರ, ಮಾಸ್ತರರ ಪಗಾರ ಹೆಚ್ಚಾಗಿ ಯೋಜನೇತರಕ್ಕೆ ಸೇರಿ ದುಂದು ಎನಿಸಿಕೊಂಡವು. ಬೊಕ್ಕಸದಲ್ಲಿ ರೊಕ್ಕ ಕಡಿಮೆಯಾದಾಗ ಕತ್ತರಿ ಬಿದ್ದದ್ದು ಇದಕ್ಕೇ. 2017–18ರಲ್ಲಿ ಈ ವಿಂಗಡಣೆಯನ್ನು ಕೈಬಿಟ್ಟರು. ಕಾಗದದಿಂದ ಹೋಯಿತು, ಅಧಿಕಾರಿಗಳ, ನಾಯಕರ ತಲೆಯಿಂದ ಇನ್ನೂ ಹೋಗಿಲ್ಲ. ಹೊರದೇಶದ ಸಾಲ, ನೆರವು ಬರುವುದೂ ಬಹುಪಾಲು ಕಟ್ಟಲಿಕ್ಕೇ.

ಮೂರನೆಯದು ಒಡೆತನ. ‘ಸರ್ಕಾರದ್ದು’ ಎಂದ ಕೂಡಲೆ ಅದು ಯಾರದೂ ಅಲ್ಲ ಎಂದಾಗುತ್ತದೆ. ಇಲ್ಲಿ ರಾಜ್ಯದ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ನೆನೆಯಬೇಕು. ಎಂಬತ್ತರ ದಶಕದ ಬರದಲ್ಲಿ ಹಳ್ಳಿಹಳ್ಳಿಗೆ ಬೋರು ಹಾಕಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದರು. ಅವರ ಇನ್ನೊಂದು ಕೆಲಸ ಅದಕ್ಕಿಂತ ದೊಡ್ಡದು. 1983ರ ಕಾಯ್ದೆಯಿಂದ, 1987ರಲ್ಲಿ ನಡೆಯತೊಡಗಿದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಂದ, ಬೋರನ್ನು ನೋಡಿಕೊಳ್ಳುವ ಜನರನ್ನೂ ಊರಲ್ಲೇ ಹುಟ್ಟಿಸಲು ಹೊರಟರು. ಸಂವಿಧಾನದ 73ನೆಯ ತಿದ್ದುಪಡಿಗೆ ಮುಂಚಿನ ಮಾತಿದು.

ನಡೆಸುವವರ ಕೂಲಿ

ಊರನ್ನು ನಿತ್ಯ ನಡೆಸುವವರು ಯಾರೆಂದು ಒಮ್ಮೆ ಪಟ್ಟಿ ಮಾಡಿ ನೋಡಿ. ನಸುಕಿನಲ್ಲಿ ಎದ್ದು ವಾಲ್ ತಿರುವಿ ಒಂದೊಂದೇ ಓಣಿಗೆ ನೀರು ಬಿಡುವ ಪಂಚಾಯಿತಿಯ ವಾಟರ್‌ಮನ್. ಅಂಗನವಾಡಿಯ ಅಕ್ಕ, ಆಕೆಯ ಸಹಾಯಕಿ. ಆಶಾ ಕಾರ್ಯಕರ್ತೆ. ಬಿಸಿಯೂಟದ ತಾಯಂದಿರು. ಗಟಾರು ಬಳಿಯುವವರು. ವಾಟರ್‌ಮನ್ ಒಂದು ದಿನ ಬಾರದಿದ್ದರೆ ಊರು ಕೊಡ ಹಿಡಿದು ನಿಲ್ಲುತ್ತದೆ. ಇಂಜಿನಿಯರು ಒಂದು ತಿಂಗಳು ಬಾರದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಪಗಾರದ ಲೆಕ್ಕ ಮಾತ್ರ ತಿರುವುಮುರುವು.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಟಿ. ನರಸೀಪುರ ಮೊದಲು. ಐವತ್ತು ವರ್ಷ ದಾಟಿತು. ಇವತ್ತಿಗೂ ಅಂಗನವಾಡಿ ಕಾರ್ಯಕರ್ತೆಗೆ ಸಿಗುವುದು ಗೌರವಧನ, ಸಂಬಳವಲ್ಲ. ಮಕ್ಕಳ ತೂಕ ನೋಡುವುದು, ಗರ್ಭಿಣಿಯರ ಪಟ್ಟಿ ಇಡುವುದು, ಊಟ ಕೊಡುವುದು, ಮೊಬೈಲಿನಲ್ಲಿ ಫೋಟೊ ತೆಗೆದು ಏರಿಸುವುದು, ಚುನಾವಣೆ ಬಂದರೆ ಅದರ ಕೆಲಸ – ಇಷ್ಟು ಮಾಡುವವರನ್ನು ಸರ್ಕಾರ ಗೌರವ ಸೇವಕಿ ಎಂದು ಕರೆಯುತ್ತದೆ. ಕಟ್ಟುವ ಕೆಲಸ ಗಂಡಸರ ಕೈಯಲ್ಲಿದೆ, ಅದಕ್ಕೆ ಟೆಂಡರು ಇದೆ, ರೊಕ್ಕ ಇದೆ. ನಡೆಸುವ ಕೆಲಸದ ಬಹುಪಾಲು ಹೆಣ್ಣುಮಕ್ಕಳ ಕೈಯಲ್ಲಿದೆ, ಮನೆಯಲ್ಲೂ ಹಾಗೇ, ಊರಲ್ಲೂ ಹಾಗೇ. ಅದಕ್ಕೆ ಬೆಲೆ ಇಲ್ಲ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ. 67, ಹೆಣ್ಣುಮಕ್ಕಳದು ಶೇ. 57ರಷ್ಟು. ಯುವತಿಯರಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರ ಪಾಲು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದಲ್ಲಿ ಶೇ. 21, ನಮ್ಮ ಜಿಲ್ಲೆಯದು ಅದಕ್ಕಿಂತ ಬಹಳ ಹೆಚ್ಚು.

ಈ ಎಳೆಯ ವಯಸ್ಸಿನ ಮದುವೆಗಳಿಗೂ ದುಡಿಯಲು ಊರು ಬಿಡುವುದಕ್ಕೂ ಸಂಬಂಧವಿದೆ. ಹಿಂಗಾರಿ ಕೈಕೊಟ್ಟ ವರ್ಷ ತಾಂಡಾಗಳಿಂದ, ಕೇರಿಗಳಿಂದ ಗೋವಾಕ್ಕೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ, ಬೆಂಗಳೂರಿಗೆ ಜನ ಗಂಟು ಕಟ್ಟುತ್ತಾರೆ. ಬೆಳೆದ ಮಗಳನ್ನು ಎಲ್ಲಿ ಬಿಡುವುದು? ಅಜ್ಜಿಯ ಹತ್ತಿರ ಬಿಟ್ಟರೆ ಚಿಂತೆ, ಜೊತೆಗೆ ಕರೆದೊಯ್ದರೆ ಶಾಲೆ ಬಿಡಬೇಕು. ಮದುವೆ ಮಾಡಿದರೆ ಹೊಣೆ ಇಳಿಯಿತು ಎಂದುಕೊಳ್ಳುತ್ತಾರೆ. ಆ ಊರಲ್ಲಿ ಆರು ತಿಂಗಳು ನಡೆಯುವ ಒಂದು ಹಾಸ್ಟೆಲು, ಅದರಲ್ಲಿ ರಾತ್ರಿ ಇರುವ ಒಬ್ಬ ನಂಬಿಕಸ್ಥ ವಾರ್ಡನ್ ಇದ್ದರೆ ಆ ಮದುವೆ ಮುಂದೆ ಹೋಗುತ್ತಿತ್ತು. ಇಲ್ಲೂ ಕೊರತೆ ಕಟ್ಟಡದ್ದಲ್ಲ. ಕಟ್ಟಡ ನಡೆಸುವ ಮನುಷ್ಯರದ್ದು.

ನಮ್ಮದೇ ತಪ್ಪೇ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ‘ನಮಗೆ ಕೊಟ್ಟದ್ದೇ ಕಡಿಮೆ, ನಡೆಸಲು ಬರುವುದಿಲ್ಲ ಎಂದು ಮೇಲೆ ಬೈಯುತ್ತೀರಾ?’ ಎಂದು. ಈ ಸಿಟ್ಟಿನಲ್ಲಿ ಸತ್ಯವಿದೆ. ರಾಜ್ಯದ 2005ರ ಮಾನವ ಅಭಿವೃದ್ಧಿ ವರದಿಯಲ್ಲಿ ಅಂದಿನ 27 ಜಿಲ್ಲೆಗಳ ಪೈಕಿ ನಮ್ಮದು ಕೊನೆಯ ಐದರೊಳಗಿತ್ತು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದು ಲೆಕ್ಕ ಹಾಕಿ, ಅವುಗಳಿಗೆ ಎಂಟು ವರ್ಷಗಳಲ್ಲಿ 31 ಸಾವಿರ ಕೋಟಿ ರೂಪಾಯಿಯ ವಿಶೇಷ ಯೋಜನೆ ಹೇಳಿತು. ವಿಶೇಷ ಸ್ಥಾನ ನೀಡುವ ಸಂವಿಧಾನದ 371ಜೆ ವಿಧಿ ಬಂದಾಗ ಹಿಂದಿನ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳೂ ಬಳ್ಳಾರಿಯೂ ಒಳಗೆ ಬಂದವು. ಮುಂಬೈ ಪ್ರಾಂತ್ಯದಲ್ಲಿದ್ದ ವಿಜಯಪುರ ಹೊರಗೆ ಉಳಿಯಿತು. ಬರಕ್ಕೆ ಮಾತ್ರ ಆ ಗಡಿ ಗೊತ್ತಿರಲಿಲ್ಲ. ಎರಡು ದಶಕಗಳ ಮೇಲೆ, ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ಸಮಿತಿಯನ್ನು 2024ರಲ್ಲಿ ನೇಮಿಸಬೇಕಾಯಿತು.

ಆದ್ದರಿಂದ ಪಾಲು ಕೇಳುವುದನ್ನು ಬಿಡಬೇಡಿ. ಆದರೆ ಕೇಳುವ ರೀತಿ ಬದಲಾಗಲಿ. ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಎಂದು ಎಣಿಸುವ ಲೆಕ್ಕದಲ್ಲಿ, ರಾತ್ರಿ ಹನ್ನೆರಡಕ್ಕೆ ಹೆರಿಗೆ ನೋವು ಬಂದರೆ ಡಾಕ್ಟರು ಇದ್ದಾರೆಯೇ ಎಂಬುದು ಕಾಣುವುದಿಲ್ಲ. ನಮ್ಮ ಬೇಡಿಕೆಯೂ ಹಾಸಿಗೆಯಲ್ಲೇ ನಿಂತರೆ ಹಾಸಿಗೆಯಷ್ಟೇ ಬರುತ್ತದೆ.

ದಕ್ಷಿಣ ಕೊರಿಯಾ 1970ರಲ್ಲಿ ಒಂದು ಪ್ರಯೋಗ ಮಾಡಿತು. ಸುಮಾರು 33 ಸಾವಿರ ಹಳ್ಳಿಗಳಿಗೆ ತಲಾ 335 ಚೀಲ ಸಿಮೆಂಟು ಕೊಟ್ಟು, ಊರಿಗೆ ಬೇಕಾದ ಕೆಲಸಕ್ಕೆ ಬಳಸಿಕೊಳ್ಳಿ ಎಂದಿತು. ಮುಂದಿನ ಸಲ, ಕೊಟ್ಟದ್ದನ್ನು ಒಗ್ಗಟ್ಟಿನಿಂದ ಚೆನ್ನಾಗಿ ಬಳಸಿದ 16 ಸಾವಿರಕ್ಕೂ ಹೆಚ್ಚು ಹಳ್ಳಿಗಳಿಗೆ ಮಾತ್ರ 500 ಚೀಲ ಸಿಮೆಂಟು, ಒಂದು ಟನ್ ಕಬ್ಬಿಣ ಕೊಟ್ಟಿತು. ಅದು ಸೇನಾಧಿಕಾರಿಯ ಬಿಗಿ ಆಡಳಿತದ ಕಾಲ. ಅದನ್ನು ನಾವು ಅನುಕರಿಸಬೇಕಿಲ್ಲ. ಹಿಂದುಳಿದ ಊರನ್ನು ಕೈಬಿಡುವುದೂ ನಮಗೆ ಒಪ್ಪುವ ಮಾತಲ್ಲ. ಆದರೆ ಇಟ್ಟುಕೊಳ್ಳುವ ಶಕ್ತಿ ನೋಡಿ ಕೊಡುವುದು, ಆ ಶಕ್ತಿ ಇಲ್ಲದ ಊರಿನಲ್ಲಿ ಮೊದಲು ಅದನ್ನು ಬೆಳೆಸುವುದು ಪ್ರಜಾಪ್ರಭುತ್ವದಲ್ಲೂ ಆಗುವ ಕೆಲಸ.

ಆಗುತ್ತದೆ ಎನ್ನಲು ಸಾಕ್ಷಿ ಈ ಜಿಲ್ಲೆಯಲ್ಲೇ ಇದೆ. ವಚನ ಪಿತಾಮಹ ಎಂದು ನಾವು ಕರೆಯುವ ಫ.ಗು. ಹಳಕಟ್ಟಿಯವರು 1910ರಲ್ಲಿ ಬಿಎಲ್‌ಡಿಇ ಶಿಕ್ಷಣ ಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಹುಟ್ಟಿಸಿದರು. ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿ ಏಳು ವರ್ಷವಾಗಿತ್ತು ಅಷ್ಟೆ. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ಅವರು ಹೋಗಿ ಅರವತ್ತು ವರ್ಷ ಕಳೆದರೂ ಎರಡೂ ಸಂಸ್ಥೆಗಳು ನಡೆಯುತ್ತಿವೆ. ಲೆಕ್ಕಪತ್ರ, ಸಭೆ, ಸದಸ್ಯರು, ಚುನಾವಣೆ – ಈ ಬೇಸರದ ಕೆಲಸಗಳನ್ನು ವರ್ಷ ವರ್ಷ ತಪ್ಪದೆ ಮಾಡುತ್ತ ಬಂದ ಜನರಿದ್ದರು, ಅದಕ್ಕೆ ಅವು ನಿಂತವು.

ಮಾಡಬಹುದಾದದ್ದು

ಉಪನ್ಯಾಸಕಾರ ಮಾತಾಡಿ ಹೋಗುತ್ತಾನೆ, ಊರಿನವರು ನೀವು ಉಳಿಯುತ್ತೀರಿ. ಆದ್ದರಿಂದ ನಾಲ್ಕು ಕೆಲಸಗಳನ್ನು ನಿಮ್ಮ ಮುಂದಿಟ್ಟು ಮುಗಿಸುತ್ತೇನೆ.

ಒಂದು: ಪ್ರತಿ ಕಾಮಗಾರಿಯ ಫಲಕದಲ್ಲಿ ಅಂದಾಜು ಮೊತ್ತ, ಗುತ್ತಿಗೆದಾರನ ಹೆಸರು ಬರೆಯುತ್ತಾರೆ. ಅದರ ಕೆಳಗೆ ಇನ್ನೆರಡು ಸಾಲು ಬರೆಸಿ: ಇದನ್ನು ನಡೆಸಲು ವರ್ಷಕ್ಕೆ ಎಷ್ಟು ಬೇಕು, ಆ ರೊಕ್ಕ ಯಾವ ಖಾತೆಯಿಂದ ಬರುತ್ತದೆ. ಉತ್ತರ ಇಲ್ಲದಿದ್ದರೆ ಆ ಕಾಮಗಾರಿಗೆ ಗ್ರಾಮ ಸಭೆ ಒಪ್ಪಿಗೆ ಕೊಡಬಾರದು.

ಎರಡು: ಕಾಲುವೆಯಲ್ಲಿ ನೀರು ಬಿಟ್ಟಾಗ ಮೊದಲ ಸರದಿ ಬಾಲದ ಹೊಲಗಳದ್ದಾಗಲಿ. ಬಾಲಕ್ಕೆ ನೀರು ಮುಟ್ಟಬೇಕೆಂದರೆ ಕಾಲುವೆ ಪೂರ್ತಿ ಸ್ವಚ್ಛ ಇರಲೇಬೇಕು. ಒಂದು ನಿಯಮದಿಂದ ಎರಡು ಕೆಲಸ ಆಗುತ್ತದೆ. ನೀರು ಬಳಕೆದಾರರ ಸಂಘವನ್ನು ರಿಜಿಸ್ಟರಿನಿಂದ ಎಬ್ಬಿಸಿ, ಅದರ ಆಡಳಿತ ಮಂಡಳಿಯಲ್ಲಿ ಬಾಲದ ರೈತರೂ ಹೆಣ್ಣುಮಕ್ಕಳೂ ಇರಲಿ. ಕಬ್ಬಿಗೆ ಹನಿ ನೀರಾವರಿ ಇಲ್ಲದೆ ನೀರಿಲ್ಲ ಎನ್ನುವ ಧೈರ್ಯ ಆ ಸಂಘಕ್ಕೆ ಬರಲಿ. ಬಸಿಗಾಲುವೆ ಮುಚ್ಚಿದವರು ತೆರೆಯಲಿ.

ಮೂರು: ಡೋಣಿಯ ಹೂಳು, ಜಾಲಿ ತೆಗೆಯುವುದು ಒಮ್ಮೆ ದೊಡ್ಡ ಯೋಜನೆಯಾಗಿ ಬಂದು ಹೋಗುವ ಕೆಲಸವಾಗಬಾರದು. ಪ್ರತಿವರ್ಷ ರೋಹಿಣಿ ಮಳೆಗೆ ಮೊದಲು, ಉದ್ಯೋಗ ಖಾತರಿಯ ಕೂಲಿಯಲ್ಲಿ, ಊರೂರಿಗೆ ಪಾಲು ಹಂಚಿ ಮಾಡುವ ಕೆಲಸವಾಗಲಿ. ಗುಳೆ ಹೋಗುವವರಿಗೆ ಊರಲ್ಲೇ ಕೆಲಸ ಸಿಕ್ಕಂತೆಯೂ ಆಗುತ್ತದೆ.

ನಾಲ್ಕು: ವಾಟರ್‌ಮನ್, ಅಂಗನವಾಡಿ, ಆಶಾ – ಇವರಿಗೆ ತಿಂಗಳಿಗೆ ಸರಿಯಾಗಿ ರೊಕ್ಕ ಮುಟ್ಟಿದೆಯೇ ಎಂದು ಗ್ರಾಮ ಸಭೆಯ ಮೊದಲ ವಿಷಯವಾಗಿ ಕೇಳಿ. ಅವರ ಗೌರವಧನ ಸಂಬಳವಾಗಬೇಕೆಂಬ ಅವರ ಹೋರಾಟಕ್ಕೆ ಅವರಷ್ಟೇ ಅಲ್ಲ, ಅವರಿಂದ ಉಪಕಾರ ಪಡೆದ ನಾವೂ ನಿಲ್ಲಬೇಕು.

ಇವುಗಳಲ್ಲಿ ಯಾವುದನ್ನೂ ಶುರು ಮಾಡಲು ದೆಹಲಿಯ ಅಪ್ಪಣೆ ಬೇಕಿಲ್ಲ, ಬೆಂಗಳೂರಿನ ದಾರಿ ಕಾಯಬೇಕಿಲ್ಲ. ಬರುವ ಗ್ರಾಮ ಸಭೆಯಲ್ಲಿ ಒಂದು ಪ್ರಶ್ನೆ ಎತ್ತಿದರೆ ಶುರುವಾಗುತ್ತದೆ. ಬಡ ದೇಶ ಮುಂದೆ ಬರುವುದು ಹೇಗೆ ಎಂದು ನೀವು ನನ್ನನ್ನು ಕರೆಸಿ ಕೇಳಿದಿರಿ. ಕಟ್ಟಿದವರ ಹೆಸರಿಗಿಂತ ನಡೆಸುವವರ ಹೆಸರು ಊರಿಗೆ ಗೊತ್ತಿರುವಂತಾದಾಗ ಎಂಬುದು ನನ್ನ ಉತ್ತರ. ಅದು ಸರಿಯೋ ತಪ್ಪೋ ಎಂದು ಒರೆಗೆ ಹಚ್ಚುವ ಅವಕಾಶ ನಿಮ್ಮ ಕೈಯಲ್ಲಿದೆ.

ಪ್ರಶ್ನೆಗಳಿದ್ದರೆ ಕೇಳಿ, ಜಗಳವಿದ್ದರೆ ಮಾಡಿ.